ಮಷಿನ್ ಮೇಲೆ ಇಲ್ಲದ ಮುಖ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. 2024ರ ಲೋಕಸಭಾ ಚುನಾವಣೆಯಲ್ಲಿ ವೋಟು ಹಾಕಿ ಬಂದಿರಲ್ಲ, ಮತಯಂತ್ರದ ಮೇಲೆ ಏನೇನಿತ್ತು ಅಂತ ನೆನಪಿದೆಯಾ? ಅಭ್ಯರ್ಥಿಯ ಹೆಸರಿತ್ತು. ಪಕ್ಷದ ಚಿಹ್ನೆ ಇತ್ತು. ಅಭ್ಯರ್ಥಿಯ ಒಂದು ಸಣ್ಣ ಫೋಟೋ ಇತ್ತು. ಒಂದೇ ಹೆಸರಿನ ಇಬ್ಬರು ನಿಂತಾಗ ಗೊಂದಲ ಆಗದಿರಲಿ ಅಂತ 2015ರಿಂದ ಚುನಾವಣಾ ಆಯೋಗ ಆ ಫೋಟೋ ಸೇರಿಸಿದೆ. ಅಷ್ಟೇ. ಚಿತ್ರದುರ್ಗ ಕ್ಷೇತ್ರದ ಮಷಿನ್ ಮೇಲೆ ನರೇಂದ್ರ ಮೋದಿ ಇರಲಿಲ್ಲ, ರಾಹುಲ್ ಗಾಂಧಿ ಇರಲಿಲ್ಲ, ಸಿದ್ದರಾಮಯ್ಯ ಇರಲಿಲ್ಲ, ಯಡಿಯೂರಪ್ಪ ಇರಲಿಲ್ಲ.

ಆದರೆ ಅದರ ಹಿಂದಿನ ಎರಡು ತಿಂಗಳು ನೋಡಿ. ಫ್ಲೆಕ್ಸ್ ಮೇಲೆ ಅವರೇ, ಟಿವಿಯಲ್ಲಿ ಅವರೇ, ವಾಟ್ಸಾಪ್‌ನಲ್ಲಿ ಅವರೇ, ಪ್ರಚಾರದ ಆಟೋ ಹಿಂದೆಯೂ ಅವರೇ. ನಿಜವಾಗಿ ಚುನಾವಣೆಗೆ ನಿಂತ ಮನುಷ್ಯ ಫ್ಲೆಕ್ಸ್‌ನ ಒಂದು ಮೂಲೆಯಲ್ಲಿ ಕೈ ಮುಗಿದುಕೊಂಡು ನಿಂತಿರ್ತಾರೆ. ಹಾಗಾದರೆ ಪ್ರಚಾರದ ಕೆಲಸ ಏನು? ಮತಗಟ್ಟೆಯ ಒಳಗೆ ಚಿಹ್ನೆ ಕಂಡ ಕೂಡಲೇ ಮತದಾರರ ಮನಸ್ಸಿನಲ್ಲಿ ನಾಯಕನ ಮುಖ ಮೂಡಬೇಕು. ಮಷಿನ್ ಮೇಲೆ ಇಲ್ಲದ ಮುಖವನ್ನು ಜನ ತಮ್ಮ ತಲೆಯಲ್ಲಿ ಹೊತ್ತುಕೊಂಡೇ ಬೂತಿಗೆ ಹೋಗಬೇಕು. ಕೋಟಿಗಟ್ಟಲೆ ದುಡ್ಡು ಖರ್ಚಾಗೋದು ಇದಕ್ಕೇ.

ಜನ ಆ ಮುಖವನ್ನು ಹೇಗೆ ನೋಡ್ತಾರೆ? ಅವರು ನೋಡುವ ರೀತಿ ಪ್ರಚಾರವನ್ನು ಹೇಗೆ ತಿದ್ದುತ್ತದೆ? ಇದನ್ನು ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ವಿವರಿಸೋದು ಸುಲಭ. ನಾನು ಚಿಕ್ಕಜಾಜೂರಿನಿಂದ ವಿವರಿಸ್ತೀನಿ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಚಿಕ್ಕಜಾಜೂರು ಇರೋದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿ ರೈಲು ಹತ್ತಿದರೆ ಬೀರೂರು ದಾಟಿದ ಮೇಲೆ, ದಾವಣಗೆರೆಗೆ ಮುಂಚೆ ಸಿಗುವ ಜಂಕ್ಷನ್. ಇಲ್ಲಿಂದ ಒಂದು ಕವಲು ಚಿತ್ರದುರ್ಗ, ರಾಯದುರ್ಗದ ಮೇಲೆ ಬಳ್ಳಾರಿಗೆ ಹೋಗುತ್ತೆ. ಸುತ್ತಮುತ್ತ ಅಡಿಕೆ, ತೆಂಗು, ಮೆಕ್ಕೆಜೋಳ. ಇಲ್ಲಿನ ಜನ ವಿಧಾನಸಭೆಗೆ ಹೊಳಲ್ಕೆರೆ ಕ್ಷೇತ್ರದಲ್ಲಿ, ಲೋಕಸಭೆಗೆ ಚಿತ್ರದುರ್ಗ ಕ್ಷೇತ್ರದಲ್ಲಿ ವೋಟು ಹಾಕ್ತಾರೆ. ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು.

ಈಗ ಲೆಕ್ಕ ನೋಡಿ. 2023ರ ಮೇ 10ಕ್ಕೆ ವಿಧಾನಸಭಾ ಚುನಾವಣೆ. ಅದಕ್ಕೆ ಎಂಟು ದಿನ ಮುಂಚೆ, ಮೇ 2ರಂದು, ಪ್ರಧಾನಿ ಮೋದಿಯವರೇ ಚಿತ್ರದುರ್ಗಕ್ಕೆ ಬಂದು ದೊಡ್ಡ ಸಭೆ ಮಾಡಿದರು. ಫಲಿತಾಂಶ ಬಂದಾಗ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್ಸಿಗೆ. ಬಿಜೆಪಿಗೆ ಉಳಿದದ್ದು ಒಂದೇ, ಅದು ನಮ್ಮ ಹೊಳಲ್ಕೆರೆ. ಲೋಕಸಭಾ ಕ್ಷೇತ್ರಕ್ಕೆ ಸೇರಿದ ತುಮಕೂರು ಜಿಲ್ಲೆಯ ಶಿರಾ, ಪಾವಗಡವನ್ನೂ ಸೇರಿಸಿದರೆ ಎಂಟರಲ್ಲಿ ಏಳು ಕಾಂಗ್ರೆಸ್.

ಒಂದು ವರ್ಷವೂ ತುಂಬಲಿಲ್ಲ. 2024ರ ಏಪ್ರಿಲ್ 26ಕ್ಕೆ ಅದೇ ಜನ ಲೋಕಸಭೆಗೆ ವೋಟು ಹಾಕಿದರು. ಏಳು ಶಾಸಕರಿದ್ದ ಕಾಂಗ್ರೆಸ್ ಸೋತಿತು. ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ ಬಂದ ಬಿಜೆಪಿಯ ಗೋವಿಂದ ಕಾರಜೋಳ ಸುಮಾರು 48 ಸಾವಿರ ಮತಗಳಿಂದ ಗೆದ್ದರು.

ಇಂಥ ಫಲಿತಾಂಶ ಬಂದಾಗೆಲ್ಲ ಸ್ಟುಡಿಯೋಗಳಲ್ಲಿ ಒಂದು ಮಾತು ಕೇಳಿಬರುತ್ತೆ: "ಜನ ಮನಸ್ಸು ಬದಲಾಯಿಸಿದರು." ಇನ್ನೂ ಒರಟಾಗಿ ಹೇಳೋರು, "ಜನಕ್ಕೆ ನಿಯತ್ತಿಲ್ಲ" ಅಂತಾರೆ. ನನಗೆ ಈ ಎರಡೂ ಮಾತು ಒಪ್ಪಿಗೆ ಇಲ್ಲ.

ಲೋಕಸಭಾ ಚುನಾವಣೆಯ ಪ್ರಚಾರದ ಹೊತ್ತಿಗೆ ಚಿಕ್ಕಜಾಜೂರು ಸ್ಟೇಷನ್ ಹೊರಗೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದಾಗ, ಬಸ್ಸಿಗೆ ಕಾಯ್ತಿದ್ದ ಒಬ್ಬ ಹಿರಿಯ ಹೆಣ್ಣುಮಗಳನ್ನು ಮಾತಾಡಿಸಿದೆ. "ಅಮ್ಮಾ, ಬಸ್ ಫ್ರೀ ಆಗಿದ್ದು ಅನುಕೂಲ ಆಯ್ತಾ?" ಅಂದೆ. "ಆಗ್ದೆ ಏನಪ್ಪಾ, ಮಗಳ ಮನೆಗೆ ತಿಂಗಳಿಗೊಂದ್ಸಲ ಹೋಗ್ತೀನಿ ಈಗ. ಸಿದ್ರಾಮಣ್ಣ ಒಳ್ಳೇದ್ ಮಾಡ್ದ" ಅಂದರು. "ಹಾಗಾದ್ರೆ ಈ ಸಲ ಕಾಂಗ್ರೆಸ್ಸಾ?" ಅಂತ ಕೇಳಿದ್ದಕ್ಕೆ ನನ್ನನ್ನ ಒಂದು ಥರ ನೋಡಿದರು. "ಅದು ಬೆಂಗ್ಳೂರಿಂದು ಕಣಪ್ಪ. ಇದು ದಿಲ್ಲೀದಲ್ವಾ? ನೀನು ಟಿವಿಯೋನು, ನಿಂಗೊತ್ತಿಲ್ವಾ?" ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ತಕ್ಷಣ ತಿರುಗಿ, "ದಿಲ್ಲೀದಾದ್ರೇನಕ್ಕಾ, ಮನೆಗೆ ದುಡ್ಡು ಕೊಟ್ಟೋರಿಗೇ ನನ್ನ ವೋಟು" ಅಂದರು. ಇಬ್ಬರೂ ಯಾರಿಗೆ ಹಾಕಿದರೋ ನಾನು ಕೇಳಲಿಲ್ಲ. ಆದರೆ ಆ ಎರಡು ನಿಮಿಷದ ವಾದದಲ್ಲೇ ಇಡೀ ವಿಷಯ ಇದೆ.

ಮೊದಲನೆಯವರು ಹೇಳಿದ್ದನ್ನು ಬಿಡಿಸಿ ನೋಡೋಣ. ಅವರ ತಲೆಯಲ್ಲಿ ಕುರ್ಚಿಗಳು ಬೇರೆ ಬೇರೆ ಇವೆ. ದಿಲ್ಲಿಯ ಕುರ್ಚಿ ಒಂದು, ಬೆಂಗಳೂರಿನ ಕುರ್ಚಿ ಒಂದು, ತಮ್ಮ ಊರು ತಾಲ್ಲೂಕಿನ ಕುರ್ಚಿ ಇನ್ನೊಂದು. ಪ್ರತಿ ಕುರ್ಚಿಗೂ ಅವರು ಬೇರೆ ಬೇರೆ ಅಳತೆಗೋಲು ಹಿಡೀತಾರೆ. ಎರಡನೆಯವರು ಅಳತೆಗೋಲು ಒಂದೇ ಸಾಕು ಅಂತಾರೆ. ಚುನಾವಣಾ ಪ್ರಚಾರ ಅಂದರೆ ಬಹುಪಾಲು ಇದೇ ಜಗಳ: ಈ ಸಲ ಯಾವ ಅಳತೆಗೋಲು ಹಿಡಿಯಬೇಕು ಅನ್ನೋದು.

ನಾಯಕನನ್ನು ಅಳೆಯೋಕೆ ಜನ ಕೇಳೋ ಪ್ರಶ್ನೆಗಳು ಪ್ರಪಂಚದಲ್ಲಿ ಎಲ್ಲಿ ನೋಡಿದರೂ ಹೆಚ್ಚುಕಮ್ಮಿ ಮೂರೇ. ಒಂದು, ಈ ಮನುಷ್ಯನ ಕೈಲಿ ಕೆಲಸ ಆಗುತ್ತಾ? ಎರಡು, ಇವರ ಕೈ ಶುದ್ಧವಾಗಿದೆಯಾ? ಮೂರು, ಇವರು ನಮ್ಮೋರಾ? ಮೊದಲನೆಯ ಪ್ರಶ್ನೆಗೆ ಜನ ಎಷ್ಟು ಬೇಗ ಉತ್ತರ ಕೊಟ್ಟುಬಿಡ್ತಾರೆ ಅನ್ನೋದಕ್ಕೆ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಪರಿಚಯವೇ ಇಲ್ಲದ ಅಭ್ಯರ್ಥಿಗಳ ಫೋಟೋಗಳನ್ನು ಜೋಡಿ ಜೋಡಿಯಾಗಿ ತೋರಿಸಿ, "ಇವರಲ್ಲಿ ಯಾರು ಹೆಚ್ಚು ಸಮರ್ಥರ ಹಾಗೆ ಕಾಣ್ತಾರೆ?" ಅಂತ ಕೇಳಿದರು. ಮುಖವನ್ನು ಒಂದೇ ಸೆಕೆಂಡ್ ತೋರಿಸಿದಾಗಲೂ, ಜನ ಆರಿಸಿದ ಮುಖವೇ ಶೇ. 70ರ ಆಸುಪಾಸಿನಲ್ಲಿ ನಿಜವಾದ ಚುನಾವಣೆ ಗೆದ್ದಿತ್ತು. ಪಕ್ಷಗಳು ಫ್ಲೆಕ್ಸ್ ಫೋಟೋಗೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ತಾವೆ ಅನ್ನೋದು ಇದರಿಂದ ಅರ್ಥ ಆಗುತ್ತೆ.

ಆದರೆ ನಮ್ಮ ನಾಯಕರು ನಮಗೆ ಒಂದು ಸೆಕೆಂಡಿನ ಪರಿಚಯದವರಲ್ಲ. ಯಡಿಯೂರಪ್ಪ, ಸಿದ್ದರಾಮಯ್ಯ ಇಬ್ಬರೂ ಮೊದಲ ಸಲ ವಿಧಾನಸಭೆಗೆ ಬಂದದ್ದು 1983ರಲ್ಲಿ. ನಲವತ್ತು ವರ್ಷದಿಂದ ಜನ ಅವರನ್ನು ನೋಡಿದಾರೆ, ಬೈದಿದಾರೆ, ಹೊತ್ತು ಮೆರೆಸಿದಾರೆ. ಇಂಥವರ ಬಗ್ಗೆ ಜನರ ಅಭಿಪ್ರಾಯ ಒಂದು ಜಾಹೀರಾತಿನಿಂದ ಹುಟ್ಟಲ್ಲ.

ಮೂರನೇ ಪ್ರಶ್ನೆಯ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಮಾತಾಡೋಣ. "ನಮ್ಮೋರಾ?" ಅನ್ನೋದರೊಳಗೆ ಜಾತಿ ಇದೆ. ಚಿತ್ರದುರ್ಗದಂಥ ಮೀಸಲು ಕ್ಷೇತ್ರದಲ್ಲಿ ಇದು ಬೇರೆಯೇ ಥರ ಕೆಲಸ ಮಾಡುತ್ತೆ. ಇಲ್ಲಿ ಎಲ್ಲಾ ಅಭ್ಯರ್ಥಿಗಳೂ ಪರಿಶಿಷ್ಟ ಜಾತಿಯವರೇ. ಹಾಗಾಗಿ ಒಬ್ಬ ಲಿಂಗಾಯತ, ಕುರುಬ, ಗೊಲ್ಲ ಅಥವಾ ನಾಯಕ ಮತದಾರ "ನಮ್ಮೋನು" ಅನ್ನೋ ಮುಖವನ್ನು ಅಭ್ಯರ್ಥಿಗಳ ಸಾಲಿನಲ್ಲಿ ಹುಡುಕಿದರೆ ಸಿಗಲ್ಲ. ಆಗ ಕಣ್ಣು ಮೇಲಕ್ಕೆ ಹೋಗುತ್ತೆ, ಫ್ಲೆಕ್ಸ್‌ನ ಮೇಲಿನ ಸಾಲಿನಲ್ಲಿರುವ ನಾಯಕರ ಕಡೆ. ಮೀಸಲು ಕ್ಷೇತ್ರಗಳಲ್ಲಿ ನಾಯಕರ ಮುಖಕ್ಕೆ ತೂಕ ಜಾಸ್ತಿ ಆಗೋದಕ್ಕೆ ಇದೂ ಒಂದು ಕಾರಣ. ಹೊರಗಿನಿಂದ ಬಂದ ಅಭ್ಯರ್ಥಿಗಳನ್ನು ಪಕ್ಷಗಳು ಧೈರ್ಯವಾಗಿ ಇಲ್ಲಿ ನಿಲ್ಲಿಸೋದಕ್ಕೂ ಇದು ಒಂದು ಕಾರಣ ಅಂತ ನನ್ನ ಅಂದಾಜು. ಕಾರಜೋಳರಿಗಿಂತ ಮುಂಚೆ, 2019ರಲ್ಲಿ ಇಲ್ಲಿ ಗೆದ್ದ ಬಿಜೆಪಿಯ ಎ. ನಾರಾಯಣಸ್ವಾಮಿ ಬೆಂಗಳೂರು ಪಕ್ಕದ ಆನೇಕಲ್‌ನಿಂದ ಬಂದವರು.

ಇನ್ನು, ಕುರ್ಚಿಗೊಂದು ಅಳತೆಗೋಲು ಅನ್ನೋದು ಮೊನ್ನೆ ಮೊನ್ನೆ ಹುಟ್ಟಿದ್ದಾ? ಇಲ್ಲ. ಚಿತ್ರದುರ್ಗದ ಸೀಮೆಯಲ್ಲಿ ಇದಕ್ಕೆ ಅರವತ್ತು ವರ್ಷದ ಹಳೇ ಸಾಕ್ಷಿ ಇದೆ. 1962ರ ವಿಧಾನಸಭಾ ಚುನಾವಣೆ. ಆಗ ನಮ್ಮದು ಮೈಸೂರು ರಾಜ್ಯ. ಏಕೀಕರಣವಾದ ಮೇಲೆ ಮೊದಲ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ದೊಡ್ಡ ನಾಯಕ. ಅವರು ನಿಂತದ್ದು ಹೊಸದುರ್ಗದಲ್ಲಿ, ಅಂದರೆ ನಮ್ಮ ಹೊಳಲ್ಕೆರೆಯ ಪಕ್ಕದ ತಾಲ್ಲೂಕಿನಲ್ಲಿ. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬಂತು. ಹೊಸದುರ್ಗದಲ್ಲಿ ನಿಜಲಿಂಗಪ್ಪ ಸೋತರು! ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ಮುಖ್ಯಮಂತ್ರಿ ಆಗಬೇಕಿದ್ದವರೇ ಸೋತ ಕಾರಣ ಎಸ್.ಆರ್. ಕಂಠಿ ಅವರು ಸುಮಾರು ಮೂರು ತಿಂಗಳು ಆ ಕುರ್ಚಿಯಲ್ಲಿ ಕೂತರು. ಆಮೇಲೆ ನಿಜಲಿಂಗಪ್ಪ ಬಾಗಲಕೋಟೆಯಿಂದ ಆರಿಸಿ ಬಂದು ಮುಖ್ಯಮಂತ್ರಿಯಾದರು. ಅಂದು ಚಿತ್ರದುರ್ಗದ ನಾಯಕನಿಗೆ ಬಾಗಲಕೋಟೆ ಸೀಟು ಕೊಟ್ಟಿತು. 2024ರಲ್ಲಿ ಬಾಗಲಕೋಟೆ ಸೀಮೆಯ ನಾಯಕನಿಗೆ ಚಿತ್ರದುರ್ಗ ಸೀಟು ಕೊಟ್ಟಿತು. ಲೆಕ್ಕ ಸರಿಹೋಯ್ತು ಅಂತ ತಮಾಷೆಗೆ ಹೇಳಬಹುದು.

ರಾಜ್ಯಕ್ಕೆ ದೊಡ್ಡವರಾದ ಮಾತ್ರಕ್ಕೆ ಊರಿನ ಕುರ್ಚಿಗೂ ಅವರೇ ಬೇಕು ಅಂತ ಜನ ಅಂದುಕೊಳ್ಳಲಿಲ್ಲ, ಅದು 1962ರ ಪಾಠ.

ಅದೇ ನಿಜಲಿಂಗಪ್ಪನವರು 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದರು. ಪಕ್ಷ ಎರಡು ಹೋಳಾಯ್ತು. ಈ ರಾಜ್ಯದಲ್ಲಿ ಸಂಘಟನೆಯ ಬಲ ಇದ್ದದ್ದು ನಿಜಲಿಂಗಪ್ಪನವರ ಕಡೆ. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ "ಗರೀಬಿ ಹಟಾವೋ" ಅಂತ ಬಂದ ಇಂದಿರಾ ಗಾಂಧಿಯವರ ಪಕ್ಷ ಮೈಸೂರು ರಾಜ್ಯದ 27ಕ್ಕೆ 27 ಸೀಟನ್ನೂ ಗೆದ್ದಿತು. ದಿಲ್ಲಿಯ ಕುರ್ಚಿಗೆ ಜನರ ತಲೆಯಲ್ಲಿದ್ದ ಮುಖ ಬೇರೆಯಾಗಿತ್ತು.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾ? 1984ರ ಡಿಸೆಂಬರ್. ಇಂದಿರಾ ಹತ್ಯೆಯಾದ ಮೇಲಿನ ಲೋಕಸಭಾ ಚುನಾವಣೆ. ಕರ್ನಾಟಕದ 28ರಲ್ಲಿ 24 ಸೀಟು ರಾಜೀವ್ ಗಾಂಧಿಯವರ ಕಾಂಗ್ರೆಸ್ಸಿಗೆ. ಇಲ್ಲಿ ಅಧಿಕಾರದಲ್ಲಿದ್ದದ್ದು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ. ಇಂಥ ಸೋಲಾದ ಮೇಲೆ ಅಧಿಕಾರದಲ್ಲಿ ಕೂರೋದು ಸರಿಯಲ್ಲ ಅಂತ ಹೆಗಡೆ ವಿಧಾನಸಭೆ ವಿಸರ್ಜನೆ ಮಾಡಿಸಿ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 224ರಲ್ಲಿ 139 ಸೀಟು! ಮೂರು ತಿಂಗಳೊಳಗೆ ಇಡೀ ರಾಜ್ಯದ ಜನರ ಬುದ್ಧಿ ಕೆಟ್ಟಿತ್ತಾ? ಇಲ್ಲ. ದಿಲ್ಲಿಗೆ ರಾಜೀವ್, ಬೆಂಗಳೂರಿಗೆ ಹೆಗಡೆ ಅಂತ ಅವರು ಮೊದಲೇ ತೀರ್ಮಾನ ಮಾಡಿದ್ದರು.

2004ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಆಗ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ಒಂದೇ ಸಾಲಿನಲ್ಲಿ ನಿಂತು, ಒಂದೇ ಬೂತಿನೊಳಗೆ ಹೋಗಿ ಎರಡು ಸಲ ಗುಂಡಿ ಒತ್ತಿ ಬಂದರು. ಲೋಕಸಭೆಯಲ್ಲಿ ಬಿಜೆಪಿಗೆ 28ರಲ್ಲಿ 18 ಸೀಟು ಬಂತು. ವಿಧಾನಸಭೆಯಲ್ಲಿ 224ರಲ್ಲಿ 79 ಮಾತ್ರ. ತ್ರಿಕೋನ ಸ್ಪರ್ಧೆ ಇದ್ದಾಗ ಮತದಲ್ಲಿ ಸಣ್ಣ ವ್ಯತ್ಯಾಸವೂ ಸೀಟಿನಲ್ಲಿ ದೊಡ್ಡದಾಗಿ ಕಾಣುತ್ತೆ, ಅದು ನಿಜ. ಆದರೂ ಒಂದಷ್ಟು ಜನ ಐದು ನಿಮಿಷದ ಅಂತರದಲ್ಲಿ ಎರಡು ಬೇರೆ ಗುಂಡಿ ಒತ್ತಿದ್ದಾರೆ. ಮನಸ್ಸು ಬದಲಾಯಿಸೋಕೆ ಐದು ನಿಮಿಷ ಸಾಕಾಗಲ್ಲ. ಅಳತೆಗೋಲು ಬದಲಾಯಿಸೋಕೆ ಸಾಕು.

ಹಾಗಾದರೆ ಪ್ರಚಾರ ಅನ್ನೋದು ಮಾಡೋದೇನು? ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಓದಿದ್ದರಲ್ಲಿ ಬಹಳಷ್ಟು ಮರೆತಿದ್ದೀನಿ, ಆಂಪ್ಲಿಫೈಯರ್ ಮರೆತಿಲ್ಲ. ಜಾತ್ರೆಯಲ್ಲಿ ಮೈಕ್‌ಸೆಟ್‌ನೋರು ತರ್ತಾರಲ್ಲ, ಅದೇ ಪೆಟ್ಟಿಗೆ. ಅದಕ್ಕೆ ಸ್ವಂತ ದನಿ ಇಲ್ಲ. ಒಳಗೆ ಬಂದ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡಿ ಹೊರಗೆ ಕಳಿಸುತ್ತೆ. ಒಳಗೆ ಏನೂ ಬರದಿದ್ದರೆ ಎಷ್ಟು ತಿರುಗಿಸಿದರೂ ಬರೋದು ಬರೀ ಗೊರ್ ಅನ್ನೋ ಸದ್ದು. ಪ್ರಚಾರವೂ ಹಾಗೇ. ಜನರ ಮನಸ್ಸಿನಲ್ಲಿ ಆಗಲೇ ಇರುವ ಒಂದು ಅಭಿಪ್ರಾಯವನ್ನು ಹಿಡಿದು ಜೋರು ಮಾಡಬಹುದು. ಇಲ್ಲದ್ದನ್ನು ಹುಟ್ಟಿಸೋದು ಬಹಳ ಕಷ್ಟ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಂಗ್ರೆಸ್ "ಪೇಸಿಎಂ" ಪೋಸ್ಟರ್ ಅಂಟಿಸಿತು ನೆನಪಿದೆಯಾ? ಕ್ಯೂಆರ್ ಕೋಡ್ ಮಧ್ಯೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖ. ಅದು ಹೊಡೆದದ್ದು ಎರಡನೇ ಪ್ರಶ್ನೆಗೆ, ಕೈ ಶುದ್ಧವಾಗಿದೆಯಾ ಅನ್ನೋದಕ್ಕೆ. ಆದರೆ ಗಮನಿಸಿ, ಶೇ. 40 ಕಮಿಷನ್ ಅನ್ನೋ ಆರೋಪ ಮಾಡಿ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದದ್ದು 2021ರಲ್ಲೇ. ಮಾತು ಆಗಲೇ ಜನರ ಬಾಯಲ್ಲಿತ್ತು. ಪೋಸ್ಟರ್ ಅದಕ್ಕೆ ಮೈಕ್ ಹಿಡಿಯಿತು.

2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಕಾಂಗ್ರೆಸ್ ಚೊಂಬು ಹಿಡಿಯಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಕೇಂದ್ರ ಬರ ಪರಿಹಾರ ಕೊಡದೆ ಕರ್ನಾಟಕದ ಕೈಗೆ ಚೊಂಬು ಕೊಟ್ಟಿದೆ ಅಂತ ಪತ್ರಿಕೆಗಳಲ್ಲಿ ಜಾಹೀರಾತು. ಅದು ಚೊಂಬಲ್ಲ, ಅಕ್ಷಯ ಪಾತ್ರೆ ಅಂತ ಎಚ್.ಡಿ. ದೇವೇಗೌಡರು ಉತ್ತರ ಕೊಟ್ಟರು. ಕನ್ನಡದವರಿಗೆ ಚೊಂಬು ಅಂದರೆ ವಿವರಿಸಬೇಕಾಗಿಲ್ಲ. ಜಾಹೀರಾತು ಚೆನ್ನಾಗಿತ್ತು. ಆದರೆ ದಿಲ್ಲಿಯ ಕುರ್ಚಿ ಬಗ್ಗೆ ಮಾತಾಡುವಾಗ ಚಿತ್ರದುರ್ಗದ ಮತದಾರರು ಕೇಳ್ತಿದ್ದ ಇನ್ನೊಂದು ಪ್ರಶ್ನೆ, "ಸರಿ, ಮೋದಿ ಬೇಡ ಅಂದ್ರೆ ಯಾರು?" ಅದಕ್ಕೆ ಇಂಡಿಯಾ ಒಕ್ಕೂಟ ಒಂದು ಮುಖವನ್ನು ಮುಂದಿಟ್ಟಿರಲಿಲ್ಲ. ರಾಹುಲ್ ಗಾಂಧಿಯವರು 2022ರ ಅಕ್ಟೋಬರ್‌ನಲ್ಲಿ ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ದಾರಿಯಲ್ಲಿ ನಡೆದೇ ಹೋಗಿದ್ದರು. ಆಮೇಲೆ ಬಂದ ವಿಧಾನಸಭೆಯಲ್ಲಿ ಪಕ್ಷ ಆ ಮೂರೂ ಕಡೆ ಗೆದ್ದಿತು. ಲೋಕಸಭೆಯಲ್ಲಿ ಕ್ಷೇತ್ರವೇ ಕೈತಪ್ಪಿತು.

ಎರಡೂ ಪಕ್ಷ ಮಾಡಿದ ಪ್ರಯತ್ನ ಒಂದೇ ಥರದ್ದು. 2023ರಲ್ಲಿ ಬಿಜೆಪಿ ದಿಲ್ಲಿ ಕುರ್ಚಿಯ ಮುಖವನ್ನು ಬೆಂಗಳೂರಿನ ಕುರ್ಚಿಗೆ ಮುಂದಿಟ್ಟಿತು. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ರೋಡ್ ಶೋ ಆಯ್ತು. ರಾಜ್ಯದಲ್ಲಿ ಸಿಕ್ಕಿದ್ದು 66 ಸೀಟು. ಕಾಂಗ್ರೆಸ್ ಸಿದ್ದರಾಮಯ್ಯ, ಶಿವಕುಮಾರ್ ಇಬ್ಬರ ಸಹಿ ಹಾಕಿದ ಗ್ಯಾರಂಟಿ ಕಾರ್ಡನ್ನು ಮನೆ ಮನೆಗೆ ಹಂಚಿತು, 135 ಗೆದ್ದಿತು. 2024ರಲ್ಲಿ ಕಾಂಗ್ರೆಸ್ ಬೆಂಗಳೂರಿನ ಗ್ಯಾರಂಟಿಯ ಹೆಸರನ್ನು ದಿಲ್ಲಿಯ ಕುರ್ಚಿಗೆ ತಗೊಂಡು ಹೋಯ್ತು. ಬಿಜೆಪಿ "ಮೋದಿ ಗ್ಯಾರಂಟಿ" ಅಂತ ಆ ಪದವನ್ನೇ ಎತ್ತಿಕೊಂಡಿತು. ಸೀಟು ಬಂದದ್ದು ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲವೂ ನಾಯಕನ ಮುಖದಿಂದಲೇ ಅಂದುಕೊಂಡರೆ ತಪ್ಪಾಗುತ್ತೆ. 2024ರಲ್ಲಿ ಕಾಂಗ್ರೆಸ್ಸಿನ ಮತ ಪ್ರಮಾಣ ಇಳಿಯಲಿಲ್ಲ. ವಿಧಾನಸಭೆಯಲ್ಲಿ ಸುಮಾರು ಶೇ. 43 ಇದ್ದದ್ದು ಲೋಕಸಭೆಯಲ್ಲಿ ಶೇ. 45 ದಾಟಿತು. ಆದರೂ ಸೀಟು ಕಡಿಮೆ, ಯಾಕೆಂದರೆ ಬಿಜೆಪಿ, ಜೆಡಿಎಸ್ ಕೈ ಜೋಡಿಸಿದ್ದವು. ಅದು ಮೈತ್ರಿಯ ಗಣಿತ. ಹಾಗಂತ ಗಣಿತ ಯಾವಾಗಲೂ ಗೆಲ್ಲುತ್ತೆ ಅಂತಲೂ ಇಲ್ಲ. 2018ರ ವಿಧಾನಸಭೆಯಲ್ಲಿ ಕಾಂಗ್ರೆಸ್ ಶೇ. 38, ಜೆಡಿಎಸ್ ಶೇ. 18, ಕೂಡಿದರೆ ಶೇ. 56. ಇಬ್ಬರೂ ಸೇರಿ 2019ರ ಲೋಕಸಭೆಗೆ ಹೋದಾಗ ಬಿಜೆಪಿಯೇ ಶೇ. 51 ತಗೊಂಡು 25 ಸೀಟು ಗೆದ್ದಿತು. ಅಲ್ಲಿ ಮುಖ ಗಣಿತವನ್ನು ಮೀರಿತು. ಇನ್ನೊಂದು ಕಡೆ, 2014ರಲ್ಲಿ ಮೋದಿ ಅಲೆ ಅಂತ ಎಲ್ಲರೂ ಹೇಳುವ ವರ್ಷವೇ ಚಿತ್ರದುರ್ಗದಲ್ಲಿ ಕಾಂಗ್ರೆಸ್ಸಿನ ಬಿ.ಎನ್. ಚಂದ್ರಪ್ಪ ಗೆದ್ದರು. 2023ರಲ್ಲಿ ಜಿಲ್ಲೆಯ ಐದು ಕ್ಷೇತ್ರ ಒಂದು ಕಡೆ ವಾಲಿದಾಗ ಹೊಳಲ್ಕೆರೆ ಬಿಜೆಪಿಯ ಎಂ. ಚಂದ್ರಪ್ಪ ಅವರನ್ನೇ ಮತ್ತೆ ಆರಿಸಿತು. ಅಂದರೆ ಅಲೆ ಬಂದಾಗಲೂ ಅಭ್ಯರ್ಥಿಯ ಸ್ವಂತ ಮುಖ ಲೆಕ್ಕಕ್ಕೆ ಬರುತ್ತೆ.

ಇಷ್ಟಾದರೂ ಪಕ್ಷಗಳು ಅಭ್ಯರ್ಥಿಗಿಂತ ನಾಯಕನ ಮೇಲೇ ದುಡ್ಡು ಸುರಿಯೋದು ಯಾಕೆ? ಒಂದು ಕಾರಣ ಕಾನೂನಿನಲ್ಲೇ ಇದೆ. ನಮ್ಮಂಥ ದೊಡ್ಡ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ. ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ಮಾನ್ಯತೆ ಪಡೆದ ಪಕ್ಷ 40 ಜನ ತಾರಾ ಪ್ರಚಾರಕರ ಪಟ್ಟಿ ಕೊಡಬಹುದು. ಅವರ ವಿಮಾನ, ಹೆಲಿಕಾಪ್ಟರ್ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರಲ್ಲ. ಆದರೆ ನಾಯಕನ ಪಕ್ಕದಲ್ಲಿ ಅಭ್ಯರ್ಥಿ ವೇದಿಕೆ ಹತ್ತಿದರೆ ಸಭೆಯ ಖರ್ಚಿನಲ್ಲಿ ಒಂದು ಪಾಲು ಅಭ್ಯರ್ಥಿಯ ಲೆಕ್ಕಕ್ಕೆ ಬೀಳುತ್ತೆ. ಅಭ್ಯರ್ಥಿಯ ಹೆಸರಿಲ್ಲದೆ ಬರೀ ನಾಯಕನ ಮುಖ, ಪಕ್ಷದ ಚಿಹ್ನೆ ಹಾಕಿ ಎಷ್ಟು ಜಾಹೀರಾತು ಕೊಟ್ಟರೂ ಕೇಳೋರಿಲ್ಲ. ಹೀಗಾಗಿ ದುಡ್ಡು ಸಹಜವಾಗಿ ದೊಡ್ಡ ಮುಖದ ಕಡೆ ಹರಿಯುತ್ತೆ.

ಇನ್ನೊಂದು ಕಾರಣ ನಾವು, ಅಂದರೆ ಟಿವಿ. ಒಬ್ಬ ರಾಷ್ಟ್ರ ನಾಯಕನ ಭಾಷಣವನ್ನು ನಲವತ್ತು ನಿಮಿಷ ಲೈವ್ ತೋರಿಸೋದು ಯಾವ ಚಾನೆಲ್‌ಗೂ ಸುಲಭ. ವೀಡಿಯೋ ತಾನಾಗೇ ಬರುತ್ತೆ, ವೀಕ್ಷಕರೂ ಬರ್ತಾರೆ. ಹೊಳಲ್ಕೆರೆಗೆ ಒಬಿ ವ್ಯಾನ್ ಕಳಿಸಿ ಕೆರೆ, ಕಾಲುವೆ, ಆಸ್ಪತ್ರೆ ತೋರಿಸೋಕೆ ಖರ್ಚಾಗುತ್ತೆ. ಇದರ ಪರಿಣಾಮ ಏನು ಅಂತ ಅಮೆರಿಕದಲ್ಲಿ ಶಾಂತೋ ಅಯ್ಯಂಗಾರ್, ಡೊನಾಲ್ಡ್ ಕಿಂಡರ್ ಅನ್ನೋ ಇಬ್ಬರು ಪ್ರಯೋಗ ಮಾಡಿ 1987ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸುದ್ದಿಯಲ್ಲಿ ದೇಶದ ರಕ್ಷಣೆಯ ವಿಷಯ ಹೆಚ್ಚು ತೋರಿಸಿದರೆ, ಜನ ನಾಯಕನನ್ನು ರಕ್ಷಣೆಯ ಅಳತೆಗೋಲಿನಿಂದಲೇ ಅಳೀತಾರೆ. ಬೆಲೆ ಏರಿಕೆ ತೋರಿಸಿದರೆ ಬೆಲೆಯಿಂದ ಅಳೀತಾರೆ. ಯಾರಿಗೆ ವೋಟು ಹಾಕಬೇಕು ಅಂತ ಟಿವಿ ಹೇಳಬೇಕಾಗೇ ಇಲ್ಲ, ಯಾವ ಪ್ರಶ್ನೆ ಕೇಳಬೇಕು ಅಂತ ಹೇಳಿದರೆ ಸಾಕು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ, ಬಾಲಾಕೋಟ್ ಆದವು. ಏಪ್ರಿಲ್ 18ಕ್ಕೆ ಚಿತ್ರದುರ್ಗ ವೋಟು ಹಾಕಿತು. ಆ ಎರಡು ತಿಂಗಳು ಟಿವಿಯಲ್ಲಿ ಯಾವ ಪ್ರಶ್ನೆ ಓಡ್ತಿತ್ತು ಅನ್ನೋದು ನಿಮಗೇ ಗೊತ್ತು.

ಇದರಿಂದ ಚಿಕ್ಕಜಾಜೂರಿನವರಿಗೆ ಆಗೋ ನಷ್ಟ ಏನು? ಭದ್ರಾ ಮೇಲ್ದಂಡೆ ಯೋಜನೆ ತಗೊಳ್ಳಿ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ನೀರು ಕೊಡಬೇಕಾದ ಯೋಜನೆ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆ ಆಯ್ತು. 2024ರ ಚುನಾವಣೆ ಬಂದರೂ ಆ ಹಣ ಬರಲಿಲ್ಲ. ರಾಜ್ಯದವರು ದಿಲ್ಲಿಯ ಕಡೆ ಕೈ ತೋರಿಸಿದರು, ದಿಲ್ಲಿಯವರು ರಾಜ್ಯದ ಕಡೆ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗದ ಕೆಲಸ ಹತ್ತು ವರ್ಷಕ್ಕೂ ಮೇಲಿಂದ ಕುಂಟ್ತಾ ಇದೆ. ಚಿತ್ರದುರ್ಗದವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಈಗಲೂ ಚಿಕ್ಕಜಾಜೂರು ಸುತ್ತಿಕೊಂಡೇ ಹೋಗಬೇಕು. ಈ ಎರಡು ವಿಷಯವನ್ನು ಯಾರ ಮುಖದಲ್ಲಿ ನೋಡಬೇಕು? ದಿಲ್ಲಿಯ ಮುಖದಲ್ಲಾ, ಬೆಂಗಳೂರಿನ ಮುಖದಲ್ಲಾ? ಮುಖಕ್ಕೆ ವೋಟು ಹಾಕಿದ ಮೇಲೆ ಆ ಮುಖವನ್ನು ಹಿಡಿದು ಕೇಳೋಕೆ ಆಗಲ್ಲ. ಕೇಳಬೇಕಾದ ಮನುಷ್ಯ ಫ್ಲೆಕ್ಸ್‌ನ ಮೂಲೆಯಲ್ಲಿದ್ದವರು. ಚುನಾವಣೆಯ ಹೊತ್ತಿನಲ್ಲಿ ಅವರನ್ನು ಯಾರೂ ಏನೂ ಕೇಳಿರಲ್ಲ, ಅವರು ಏನೂ ಹೇಳಿರಲ್ಲ.

ಮೂರನೇ ಕುರ್ಚಿಯ ಕಥೆ ಇನ್ನೂ ಕಷ್ಟದ್ದು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಚುನಾವಣೆ ಆದದ್ದು 2016ರಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. 2024ರ ಹೊತ್ತಿಗೂ ಹೊಸ ಚುನಾವಣೆ ನಡೆದಿರಲಿಲ್ಲ. ಮಧ್ಯದಲ್ಲಿ ಸರ್ಕಾರ ಬದಲಾಯ್ತು, ಕುರ್ಚಿ ಮಾತ್ರ ತುಂಬಲಿಲ್ಲ. ಗ್ರಾಮ ಪಂಚಾಯಿತಿಗೆ ಚುನಾವಣೆ ಆಗಿತ್ತು, ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಅಲ್ಲಿ ಜನ ಮನುಷ್ಯನನ್ನೇ ನೋಡಿ ವೋಟು ಹಾಕ್ತಾರೆ. ಅದರ ಮೇಲಿನ ಎರಡು ಹಂತ ಆಗ ಖಾಲಿ ಇತ್ತು. ಶಾಲೆಯ ಕೊಠಡಿ, ಕುಡಿಯೋ ನೀರು, ಊರ ರಸ್ತೆ ಇವನ್ನೆಲ್ಲ ಕೇಳಬೇಕಾದ ಜನಪ್ರತಿನಿಧಿಯ ಜಾಗದಲ್ಲಿ ಅಧಿಕಾರಿ ಇದ್ದರು. ಹತ್ತಿರದ ಕುರ್ಚಿ ಖಾಲಿ ಇದ್ದಾಗ ಜನ ಆ ಕಷ್ಟವನ್ನೂ ದೂರದ ಮುಖದ ಮೇಲೆ ಹಾಕ್ತಾರೆ. ದೂರದ ಮುಖ ಭಾಷಣದಲ್ಲಿ ಅದಕ್ಕೆ ಉತ್ತರ ಕೊಡಲ್ಲ.

ನಾಯಕನ ಮುಖ ನೋಡಿ ವೋಟು ಹಾಕೋದು ಅಪರಾಧವೇನಲ್ಲ. ಸರ್ಕಾರ ನಡೆಸೋದು ನಾಯಕರೇ, ಅವರನ್ನು ಅಳೆಯಲೇಬೇಕು. ಯಾವ ಕುರ್ಚಿಗೆ ಯಾವ ಅಳತೆಗೋಲು ಅನ್ನೋದನ್ನು ಬಸ್ ಸ್ಟ್ಯಾಂಡಿನ ಆ ತಾಯಿ ನಮ್ಮ ಪ್ಯಾನಲ್‌ನವರಿಗಿಂತ ಚೆನ್ನಾಗಿ ಬಲ್ಲರು. ಅವರಿಗೆ ನಾನು ಹೇಳಿಕೊಡೋದು ಏನೂ ಇಲ್ಲ.

ಆದರೆ ಮುಂದಿನ ಸಲ ಮನೆ ಮುಂದೆ ಪ್ರಚಾರದ ಆಟೋ ಬಂದಾಗ ನೀವೆಲ್ಲ ಎರಡು ಪ್ರಶ್ನೆ ಕೇಳಿ ನೋಡಿ. ಈ ಫೋಟೋದಲ್ಲಿರೋರು ಕೂರೋ ಕುರ್ಚಿಗಾ ಈ ಚುನಾವಣೆ, ಅಥವಾ ಬೇರೆ ಕುರ್ಚಿಗಾ? ಮೂಲೆಯಲ್ಲಿ ಕೈ ಮುಗಿದು ನಿಂತಿದ್ದಾರಲ್ಲ, ಅವರು ಭದ್ರಾ ನೀರಿನ ಬಗ್ಗೆ ಏನಂತಾರೆ? ಜೊತೆಗೆ, ಊರಿಗೆ ಶಾಸಕರು ಬಂದಾಗ ಇನ್ನೊಂದು ಕೇಳಿ: ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ ಸ್ವಾಮಿ? ಆ ಪ್ರಶ್ನೆಯನ್ನು ನೀವು ಊರಲ್ಲಿ ಕೇಳಿ, ನಾನು ಸ್ಟುಡಿಯೋದಲ್ಲಿ ಕೇಳ್ತೀನಿ.